ಗಾಣದ ಬೆಲ್ಲವೂ ವಿಜ್ಞಾನ ಮೇಳವೂ



ಶಾಲೆಗಳ ವಿಜ್ಞಾನ ಮೇಳ ಸಮೀಪಿಸಿತೆಂದರೆ ಮನೆಗಳಲ್ಲಿ ಬಣ್ಣದ ಕಾಗದಗಳ ಸಂಭ್ರಮ ಮೊದಲಾಗುತ್ತದೆ. ಮಣ್ಣಿನ ಜ್ವಾಲಾಮುಖಿ ನೊರೆಯುಗುಳುತ್ತದೆ, ದೀಪಗಳು ಮಿನುಗುತ್ತವೆ, ‘ಇದೇಕೆ ಹೀಗೆ?’ ಎಂದು ಕೇಳಿದರೆ ಮಗು ಬಾಯಿಪಾಠ ಒಪ್ಪಿಸುತ್ತದೆ. ನಾನು ಕನ್ನಡ ಕಲಿಸುವವನು, ವಿಜ್ಞಾನ ನನ್ನ ವಿಷಯವಲ್ಲ. ಆದರೆ ಬಾಯಿಪಾಠವನ್ನು ಗುರುತಿಸುವುದರಲ್ಲಿ ನಮ್ಮ ವೃತ್ತಿಯವರನ್ನು ಮೀರಿಸುವವರಿಲ್ಲ!

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಮಕ್ಕಳು ಪ್ರಯೋಗಕ್ಕೆ ದೂರ ಹುಡುಕಬೇಕಾಗಿಲ್ಲ. ಕೃಷ್ಣೆ-ಘಟಪ್ರಭೆಗಳ ನೀರುಂಡ ಕಬ್ಬು ಸುತ್ತಲೂ ಇದೆ. ಮಹಾಲಿಂಗಪುರದ ಬೆಲ್ಲದ ಪೇಟೆ ಹೆಸರಾದುದು. ಗಾಣದಲ್ಲಿ ಕಬ್ಬಿನ ಹಾಲು ಕಾಯುವಾಗ ಅದಕ್ಕೆ ಸುಣ್ಣದ ನೀರು ಬೀಳುವುದನ್ನು ಕಂಡ ಹುಡುಗಿ, “ಇದನ್ಯಾಕ ಹಾಕ್ತೀರಿ ಅಜ್ಜಾ?” ಎಂದು ಕೇಳಲಿ. “ಹಾಕದಿದ್ರ ಬೆಲ್ಲ ಕಟ್ಟಂಗಿಲ್ಲವ್ವಾ” ಎಂಬ ಉತ್ತರ ಬಂದೀತು. ಉತ್ತರ ನಿಜವೇ. ಏಕೆ ಕಟ್ಟುವುದಿಲ್ಲವೆಂಬುದು ಮೇಳಕ್ಕೆ ತಕ್ಕ ಪ್ರಶ್ನೆ.

ಕಬ್ಬಿನ ಹಾಲು ನಾಲಗೆಗೆ ಸಿಹಿಯಾದರೂ ಗುಣದಲ್ಲಿ ತುಸು ಆಮ್ಲ. ಆಮ್ಲವೂ ಶಾಖವೂ ಕೂಡಿದರೆ ಅದರ ಸಕ್ಕರೆ, ಎಂದರೆ ಸುಕ್ರೋಸ್, ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡಾಗುತ್ತದೆ. ಒಡೆದ ಸಕ್ಕರೆ ಸುಲಭವಾಗಿ ಹರಳುಗಟ್ಟದು, ಗಾಳಿಯ ತೇವವನ್ನೂ ಹೀರುತ್ತದೆ. ಮಳೆಗಾಲದಲ್ಲಿ ಪೆಂಟೆ ನೀರೊಡೆಯುವುದನ್ನು ನೀವು ನೋಡಿಲ್ಲವೆ? ಸುಣ್ಣ ಆಮ್ಲವನ್ನು ತಗ್ಗಿಸಿ ಈ ಒಡಕನ್ನು ತಡೆಯುತ್ತದೆ. ಮಿತಿಮೀರಿದರೆ ಬೆಲ್ಲವೇ ಕಪ್ಪಾಗುತ್ತದೆ. ಅರಿಸಿನದ ನೀರಿನಲ್ಲಿ ಅದ್ದಿ ಒಣಗಿಸಿದ ಕಾಗದ ಕೆಂಪಾದರೆ ಸುಣ್ಣ ಹೆಚ್ಚಾಯಿತೆಂದೇ ತಿಳಿಯಿರಿ.

ಇದನ್ನು ಕಣ್ಣಿಗೆ ತೋರಿಸುವ ಬಗೆ ಹೀಗೆ. ಒಂದೇ ಅಳತೆಯ ಸಕ್ಕರೆ ನೀರನ್ನು ಎರಡು ಪಾತ್ರೆಗಳಲ್ಲಿಟ್ಟು, ಒಂದಕ್ಕೆ ಮಾತ್ರ ನಿಂಬೆರಸ ಹಿಂಡಿ, ಎರಡನ್ನೂ 20 ನಿಮಿಷ ಕುದಿಸಬೇಕು. ಆರಿದ ಮೇಲೆ ಹುಳಿಯದಕ್ಕೆ ನೊರೆ ನಿಲ್ಲುವ ತನಕ ಅಡಿಗೆ ಸೋಡಾ ಹಾಕಬೇಕು. ಬಳಿಕ ವಿಜ್ಞಾನದ ಮಾಸ್ತರರಿಂದ ಬೆನೆಡಿಕ್ಟ್ ದ್ರಾವಣ ಪಡೆದು, ಅವರ ಎದುರಿನಲ್ಲಿಯೇ ಬೆರೆಸಿ ಕುದಿನೀರಿನಲ್ಲಿಡಬೇಕು. ಬರಿಯ ಸಕ್ಕರೆಯದು ನೀಲಿಯಾಗಿಯೇ ಉಳಿದು, ಇನ್ನೊಂದು ಇಟ್ಟಿಗೆಗೆಂಪಾಗುತ್ತದೆ. ನಿಂಬೆಯಲ್ಲಿಯೂ ಅಂಥ ಸಕ್ಕರೆ ತುಸು ಇರುವುದರಿಂದ, ನಿಂಬೆ ಬೆರೆಸಿಯೂ 20 ನಿಮಿಷದ ಕುದಿ ಕಾಣದ ಮೂರನೆಯ ಪಾತ್ರೆಯೊಂದು ಬೇಕೇ ಬೇಕು. ಅದಕ್ಕೂ ಸೋಡಾ ಹಾಕಿ ಹೀಗೆಯೇ ಪರೀಕ್ಷಿಸಬೇಕು. ಪರೀಕ್ಷಕನಾದರೆ ನಾನು ಮೊದಲು ಕೇಳುವುದು ಅದನ್ನೇ.

ಇನ್ನು ಬಣ್ಣದ ಮಾತು. ಬೆಲ್ಲ ಬೆಳ್ಳಗಾಗಲೆಂದು ಕೆಲವೆಡೆ ಹೈಡ್ರೋಸ್ ಹಾಕುವುದುಂಟು. ಅದು ನೂಲಿಗೆ ಬಣ್ಣ ಹಾಕುವವರ ಪುಡಿ. ನೇಕಾರರ ಊರಾದ ರಬಕವಿ-ಬನಹಟ್ಟಿಯಲ್ಲಿ ಅದರ ಹೆಸರು ಹೊಸತಲ್ಲ. ಅದರ ಗಂಧಕದ ಅಂಶ ಬೆಲ್ಲದಲ್ಲಿ ಉಳಿಯುತ್ತದೆ, ಬಿಳುಪು ಮಾತ್ರ ಉಳಿಯದು. ಬೇರೆ ಬೇರೆ ಬೆಲ್ಲದ ತುಣುಕುಗಳನ್ನು ಬಾಟಲಿಗಳಲ್ಲಿಟ್ಟು ತಿಂಗಳುಗಟ್ಟಲೆ ಬಣ್ಣ ಬರೆದಿಡಬಹುದು. ಆದರೆ ತೇವದಿಂದಲೂ ಬೆಲ್ಲ ಕಂದುತ್ತದೆ. ಅಷ್ಟರಿಂದಲೇ ಯಾರನ್ನೂ ದೂರಲಾಗದು. ಮಗಳು ಮನೆಯ ಗಾಣದ ಬೆಲ್ಲವನ್ನೇ ಪರೀಕ್ಷೆಗಿಟ್ಟರೆ ತಂದೆಗೆ ಇರುಸುಮುರುಸಾಗಬಹುದು. ಆದರೂ ಇಡಲಿ. ಪೇಟೆಯಲ್ಲಿ ಬಿಳಿಯ ಪೆಂಟೆಯನ್ನೇ ಆರಿಸಿ, ಹೆಚ್ಚು ದರ ಕೊಟ್ಟು ತರುವವರು ನಾವೇ ತಾನೆ?

ಕಬ್ಬಿನ ಹಾಲನ್ನೂ ಪರೀಕ್ಷಿಸುವುದಾದರೆ ತಂದ ದಿನವೇ ಮುಗಿಸಿರಿ. ಇರಿಸಿದರೆ ಅದು ತಾನಾಗಿಯೇ ಹುಳಿತು ಲೆಕ್ಕವನ್ನೆಲ್ಲ ಕೆಡಿಸುತ್ತದೆ.