ಆವಣಿ ಬೆಟ್ಟಕ್ಕೆ ಮಕ್ಕಳೊಡನೆ

ಮಕ್ಕಳಿಗೆ ಒಣನೆಲದಲ್ಲಿ ನಡೆಯುವುದನ್ನು ಕಲಿಸಲು ಮರುಭೂಮಿಯವರೆಗೆ ಹೋಗಬೇಕಿಲ್ಲ. ಮುಳಬಾಗಿಲಿನ ಹತ್ತಿರದ ಆವಣಿ ಬೆಟ್ಟ ಸಾಕು. ಬುಡದಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳು, ಮೇಲೆ ಸೀತೆಯ ಗುಡಿ. ಲವಕುಶರು ಹುಟ್ಟಿದ್ದು ಇಲ್ಲೇ ಎಂಬುದು ಊರವರ ನಂಬಿಕೆ. ಅವಳಿ ಮಕ್ಕಳು ಆಡಿ ಬೆಳೆದ ಬೆಟ್ಟವಿದು ಎಂದು ಹೇಳಿನೋಡಿ, ಪುಟ್ಟ ಕಾಲುಗಳು ತಾವೇ ಮುಂದಾಗುತ್ತವೆ.

ಬೇಸಿಗೆಯಲ್ಲಿ ಸೂರ್ಯ ಹುಟ್ಟುವಾಗಲೇ ಹೊರಡಬೇಕು. ಹೊತ್ತೇರಿದಂತೆ ಬಂಡೆ ಕಾದುಬಿಡುತ್ತದೆ. ಆ ಕಾವು ನೆಲಕ್ಕೆ ಹತ್ತಿರವಿರುವ ಮಗುವಿಗೆ ನಮಗಿಂತ ಮೊದಲೇ ತಟ್ಟುತ್ತದೆ. ಆಟದ ಭರದಲ್ಲಿ ಅದು ಬಾಯಾರಿಕೆ ಎಂದು ಹೇಳುವುದೂ ಇಲ್ಲ. ಕೇಳುವ ಮೊದಲೇ ಗುಟುಕು ಗುಟುಕಾಗಿ ನೀರು ಕೊಡಿ. ತಲೆಗೆ ಟೋಪಿ, ಕಾಲಿಗೆ ಹಿಡಿತವಿರುವ ಶೂ.

ಆತುರವಂತೂ ಬೇಡವೇ ಬೇಡ. ಬಂಡೆಯ ಮೇಲೆ ಓತಿಕ್ಯಾತ ಕತ್ತೆತ್ತಿ ತಲೆಯಾಡಿಸುತ್ತಿರುತ್ತದೆ. ಸಂಗಾತಿ ಹುಡುಕುವ ಕಾಲದಲ್ಲಿ ಗಂಡಿನ ಬೆನ್ನು ಕೆಂಪೇರಿ, ಪಕ್ಕೆ ಕಪ್ಪಾಗುತ್ತದೆ. ಮಗು ಅದನ್ನೇ ನೋಡುತ್ತಾ ಕಾಲು ಗಂಟೆ ನಿಂತರೆ ನೀವೂ ನಿಲ್ಲಿ. ದಣಿದರೆ ಅರ್ಧಕ್ಕೇ ಹಿಂದಿರುಗಿ. ಕೈ ಮಾತ್ರ ಬಿಡಬೇಡಿ, ನುಣುಪು ಬಂಡೆಯಲ್ಲಿ ಹತ್ತುವುದಕ್ಕಿಂತ ಇಳಿಯುವಾಗಲೇ ಕಾಲು ಜಾರುವುದು ಹೆಚ್ಚು.