ಸಭೆಯೂ ಊರೂ

ಕ್ರೈಸ್ತರು ಆರಾಧನೆಗೆಂದು ಕೂಡುವ ಸ್ಥಳಕ್ಕೆ ನಮ್ಮ ನಾಡಿನಲ್ಲಿ ಹಲವು ಹೆಸರುಗಳುಂಟು. ಕರಾವಳಿಯ ಕ್ಯಾಥೊಲಿಕರು ಅದನ್ನು ಇಗರ್ಜಿಯೆನ್ನುತ್ತಾರೆ. ಅದು ಪೋರ್ತುಗೀಸರಿಂದ ಬಂದ ಮಾತು. ಪ್ರಾಟೆಸ್ಟೆಂಟರು ದೇವಾಲಯವೆನ್ನುವರು. ನಗರವಾಸಿಗಳಾದ ನಾವು ಚರ್ಚು ಎಂದುಬಿಡುತ್ತೇವೆ. ಇವೆಲ್ಲವೂ ಮುಖ್ಯವಾಗಿ ಕಟ್ಟಡದ ಹೆಸರುಗಳು. ಆದರೆ ಕನ್ನಡ ಬೈಬಲನ್ನು ಓದಿದವರಿಗೆ ಇನ್ನೊಂದು ಶಬ್ದವೂ ಪರಿಚಿತವಾಗಿರುತ್ತದೆ; ಅದೇ ಸಭೆ. ಸಭೆಯೆಂದರೆ ಗೋಡೆಗಳಲ್ಲ, ಜನ. ಒಂದು ಊರಿನಲ್ಲಿ ಇಂತಹ ಸಭೆಯೊಂದು ನೆಲೆಗೊಂಡರೆ ಅದರಿಂದ ಆ ಊರಿಗೆ ಆಗತಕ್ಕ ಪ್ರಯೋಜನವೇನು, ಊರು ಅದರಿಂದ ಯಾವ ರೀತಿಯಲ್ಲಿ ಮಾರ್ಪಡಬಲ್ಲುದು ಎಂಬ ವಿಷಯವನ್ನು ಕುರಿತು ಈ ಹೊತ್ತು ತಮ್ಮೊಡನೆ ನಾಲ್ಕು ಮಾತುಗಳನ್ನು ಆಡಬೇಕೆಂದಿದ್ದೇನೆ.

ಇಂತಹ ಪ್ರಶ್ನೆಯನ್ನು ತತ್ತ್ವವಾಗಿ ಚರ್ಚಿಸುವುದಕ್ಕಿಂತ ಒಂದು ನಿದರ್ಶನವನ್ನು ಮುಂದಿಟ್ಟುಕೊಂಡು ನೋಡುವುದು ಲೇಸು. ಅದಕ್ಕಾಗಿ ನಾವು ಮಂಗಳೂರಿಗೆ ಹೋಗೋಣ. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಮಿಷನ್ನಿನಿಂದ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಅಲ್ಲಿಗೆ ಬಂದರು. ಅವರ ಉಪದೇಶವನ್ನು ಕೇಳಿ ಕೆಲವರು ಕ್ರೈಸ್ತರಾದರು. ಅವರಲ್ಲಿ ಬಹುಮಂದಿ ಬಿಲ್ಲವರು. ಆಗ ಮಿಷನರಿಗಳು ಮೊದಲು ಎಣಿಸದಿದ್ದ ಒಂದು ಸಂಕಟ ಎದುರಾಯಿತು. ಹೆಂಡ ಇಳಿಸುವುದು ಕ್ರೈಸ್ತನಿಗೆ ತಕ್ಕ ಕಸುಬಲ್ಲವೆಂದು ಮಿಷನರಿಗಳೇ ಹೇಳಿದ್ದರು. ಅತ್ತ ಮತಾಂತರ ಹೊಂದಿದವನಿಗೆ ಕೂಡುಕುಟುಂಬದ ಆಸರೆಯೂ ತಪ್ಪಿತು. ಜಾತಿಯವರ ಬಳಕೆಯೂ ನಿಂತಿತು. ಹೀಗೆ ಹೊಸ ಸಭೆಗೆ ಸೇರಿದವನು ಮರವನ್ನೂ ಕಳೆದುಕೊಂಡ, ಮನೆಯನ್ನೂ ಕಳೆದುಕೊಂಡ. ಭಾನುವಾರ ಅವನಿಗೆ ಪ್ರಸಂಗವನ್ನು ಕೇಳಿಸಿದರಾಯಿತೆ? ಸೋಮವಾರ ಅವನ ಮಕ್ಕಳು ಉಣ್ಣುವುದೇನನ್ನು?

ಈ ಪ್ರಶ್ನೆಯನ್ನು ಆ ಸಭೆ ತಪ್ಪಿಸಿಕೊಳ್ಳಲಿಲ್ಲ. ಮೊದಮೊದಲು ಕೈಹಾಕಿದ ಬೇಸಾಯ ಮೊದಲಾದ ಪ್ರಯತ್ನಗಳು ಅಷ್ಟಾಗಿ ಕೈಗೂಡಲಿಲ್ಲ. ಬಳಿಕ ನೇಯ್ಗೆ ಹಿಡಿಯಿತು. 1851ರಲ್ಲಿ ಬಂದ ಹಾಲರ್ ಎಂಬ ನೇಕಾರನು ಸುಧಾರಿಸಿದ ಮಗ್ಗಗಳನ್ನು ಹೂಡಿ, ಬಣ್ಣ ಹಾಕುವುದನ್ನೂ ಕಲಿಸಿದನು. ಖಾಕಿಯೆಂಬ ಬಣ್ಣದ ಬಟ್ಟೆಗೆ ಹೆಸರು ಬಂದುದರಲ್ಲಿ ಈ ಮಗ್ಗಗಳಿಗೂ ಪಾಲುಂಟೆಂದು ಹೇಳುತ್ತಾರೆ. ಅದಕ್ಕಿಂತಲೂ ದೊಡ್ಡದಾದುದು ಹಂಚಿನ ಕೆಲಸ. ಜಾರ್ಜ್ ಪ್ಲೆಬ್ಸ್ಟ್ ಎಂಬವನು ಮಂಗಳೂರಿನ ಸುತ್ತಣ ಜೇಡಿಮಣ್ಣನ್ನು ಪರೀಕ್ಷಿಸಿ, 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಕಾರ್ಖಾನೆಯನ್ನು ಸ್ಥಾಪಿಸಿದನು. ಮಣ್ಣು ಹೊಳೆಯ ಬದಿಯಲ್ಲಿಯೇ ಇತ್ತು. ಮಣ್ಣನ್ನೂ ಸೌದೆಯನ್ನೂ ತರಲು ದೋಣಿಗಳಿದ್ದುವು. ಸಿದ್ಧವಾದ ಸರಕನ್ನು ಕಳುಹಿಸಲು ಬಂದರಿತ್ತು. ವರ್ಷವರ್ಷವೂ ಹುಲ್ಲನ್ನೋ ಮಡಲನ್ನೋ ಹೊದಿಸಿ, ಬೇಸಗೆಯಲ್ಲಿ ಬೆಂಕಿಗೂ ಮಳೆಗಾಲದಲ್ಲಿ ಸೋರಿಕೆಗೂ ಹೆದರುತ್ತಿದ್ದ ಮನೆಗಳಿಗೆ ಒಂದಕ್ಕೊಂದು ಹೆಣೆದುಕೊಂಡು ಕೂರುವ ಆ ಕೆಂಪು ಹಂಚು ಒಂದು ಭದ್ರವಾದ ಮಾಡನ್ನು ಕೊಟ್ಟಿತು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಆ ವಿದ್ಯೆ ಮಿಷನ್ನಿನ ಆವರಣದೊಳಗೆ ಉಳಿಯಲಿಲ್ಲ. 1868ರಲ್ಲಿ ಮಂಗಳೂರಿನ ಆಲ್ಬುಕರ್ಕ್ ಮನೆತನದವರು ತಮ್ಮದೇ ಕಾರ್ಖಾನೆಯನ್ನು ತೆರೆದರು. ಅವರು ಕ್ಯಾಥೊಲಿಕರು. ಅವರ ಹಿಂದೆ ಇತರ ಮತದವರೂ ಜಾತಿಯವರೂ ಆ ಉದ್ಯಮಕ್ಕೆ ಇಳಿದರು. ಒಂದು ಸಣ್ಣ ಸಭೆ ತನ್ನವರ ಹಸಿವನ್ನು ಹಿಂಗಿಸಲೆಂದು ಹೊತ್ತಿಸಿದ ಗೂಡಿನ ಬೆಂಕಿ ಇಡೀ ಜಿಲ್ಲೆಯ ಒಲೆಗಳನ್ನು ಉರಿಸಿತು. ಈಗ ಸಿಮೆಂಟಿನ ತಾರಸಿ ಬಂದು ಆ ಗೂಡುಗಳಲ್ಲಿ ಎಷ್ಟೋ ಆರಿಹೋಗಿವೆ. ಆದರೆ ನೂರು ವರ್ಷಗಳ ಮಟ್ಟಿಗಾದರೂ ಅವು ಸಾವಿರಾರು ಸಂಸಾರಗಳನ್ನು ಸಾಕಿದುದು ಸುಳ್ಳಲ್ಲ.

ಅನ್ನದ ಜೊತೆಗೆ ಅಕ್ಷರ. 1841ರಲ್ಲಿ ಇದೇ ಮಿಷನ್ನಿನವರು ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಇಟ್ಟರು. 1843ರ ಜುಲೈ 1ರಂದು ಹೆರ್ಮನ್ ಮೊಗ್ಲಿಂಗ್ ಅವರ ಸಂಪಾದಕತ್ವದಲ್ಲಿ 'ಮಂಗಳೂರ ಸಮಾಚಾರ'ವು ಹೊರಟಿತು. ಕನ್ನಡದ ಪ್ರಥಮ ವೃತ್ತಪತ್ರಿಕೆ ಅದು. ಸುಮಾರು 70,000 ಶಬ್ದಗಳನ್ನುಳ್ಳ ಕಿಟ್ಟೆಲರ ನಿಘಂಟು 1894ರಲ್ಲಿ ಪ್ರಕಟವಾಯಿತು. ಮ್ಯಾನರ್ ಎಂಬವರ ತುಳು ನಿಘಂಟು 1886ರಲ್ಲಿಯೇ ಹೊರಬಂದಿತ್ತು. ಜನರ ಆತ್ಮವನ್ನು ಮುಟ್ಟಬೇಕೆಂದು ಬಂದವರು ಮೊದಲು ಜನರ ನಾಲಗೆಯನ್ನು ಕಲಿಯಬೇಕಾಯಿತು. ಕಲಿತುದನ್ನು ಆ ಜನಕ್ಕೇ ಕಾಣಿಕೆಯಾಗಿ ಒಪ್ಪಿಸಿದರು. ಕಿಟ್ಟೆಲರ ಕೋಶವನ್ನು ತೆರೆಯುವ ಪಂಡಿತನು ತನ್ನ ಮತವೇನೆಂದು ಯಾರಿಗೂ ಹೇಳಬೇಕಾಗಿಲ್ಲ.

ಇದೇ ಊರಿನಲ್ಲಿ 1880ರಲ್ಲಿ ಜೆಸುವಿಟ್ ಪಾದ್ರಿಗಳಾದ ಅಗಸ್ಟಸ್ ಮುಲ್ಲರ್ ಅವರು ಕಂಕನಾಡಿಯಲ್ಲಿ ಒಂದು ಆಲದ ಮರದಡಿ ಹೋಮಿಯೋಪತಿಯ ಔಷಧಿಗಳನ್ನು ಕೊಡಲು ಮೊದಲುಮಾಡಿದರು. 1890ರಲ್ಲಿ ಕುಷ್ಠರೋಗಿಗಳಿಗಾಗಿ ಆಶ್ರಯವನ್ನು ಕಟ್ಟಿಸಿದರು. 1902ರಲ್ಲಿ ಪ್ಲೇಗು ಬಂದಾಗ ಆ ರೋಗಿಗಳಿಗೂ ಆಸ್ಪತ್ರೆಯಾಯಿತು. ಬಂಧುಗಳೇ ದೂರವಿಟ್ಟವರನ್ನು ಒಳಕ್ಕೆ ಕರೆದುಕೊಳ್ಳುವುದು ಸಾಮಾನ್ಯದ ಕೆಲಸವಲ್ಲ. ಮೈಸೂರಿನವರಿಗೆ ದೂರದ ನಿದರ್ಶನವೂ ಬೇಡ. ಸ್ತ್ರೀಯರಿಗೂ ಮಕ್ಕಳಿಗೂ ಎಂದು ವೆಸ್ಲಿಯನ್ ಮಿಷನ್ನಿನವರು 1906ರಲ್ಲಿ ತೆರೆದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ನಮ್ಮ ಜನ ಇಂದಿಗೂ ಮಿಷನ್ ಆಸ್ಪತ್ರೆಯೆಂದೇ ಕರೆಯುತ್ತಾರೆ.

ಇಷ್ಟನ್ನೂ ಹೇಳಿ ನಿಲ್ಲಿಸಿದರೆ ಅದು ಬರಿಯ ಹೊಗಳಿಕೆಯಾದೀತು. ಈ ಕಥೆಗೆ ಇನ್ನೊಂದು ಮುಖವುಂಟು. ಕಾರ್ಖಾನೆಯ ಯಜಮಾನನೂ ಸಭೆಯ ಹಿರಿಯನೂ ಒಬ್ಬನೇ ಆದಾಗ, ಕೆಲಸಗಾರನ ಭಕ್ತಿಗೂ ಅವನ ಕೂಲಿಗೂ ಗಂಟುಬೀಳುವ ಅಪಾಯವಿದೆ. ನಂಬಿಕೆಯಿಂದ ಬಂದವನಾರು, ಅನ್ನಕ್ಕಾಗಿ ಬಂದವನಾರು ಎಂಬ ಸಂದೇಹ ಊರಿನವರಿಗೂ ಹುಟ್ಟುತ್ತದೆ, ಸಭೆಯವರಿಗೂ ಹುಟ್ಟುತ್ತದೆ. ಎಲ್ಲವನ್ನೂ ಮಿಷನ್ನೇ ನೋಡಿಕೊಳ್ಳುವುದೆಂಬ ಅಭ್ಯಾಸ ಬೆಳೆದರೆ ಮನುಷ್ಯನ ಬೆನ್ನುಮೂಳೆ ಮೆತ್ತಗಾಗುತ್ತದೆ. 1914ರಲ್ಲಿ ಮೊದಲನೆಯ ಮಹಾಯುದ್ಧ ತೊಡಗಿದಾಗ ಇದರ ಪರೀಕ್ಷೆಯಾಯಿತು. ಜರ್ಮನರಾದ ಮಿಷನರಿಗಳು ಬಂಧನಕ್ಕೊಳಗಾದರು. ಕಾರ್ಖಾನೆಗಳು ಸರಕಾರದ ಕೈಸೇರಿ, ಯುದ್ಧಾನಂತರ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ವಶವಾದುವು. ಎಂಬತ್ತು ವರ್ಷ ಆಧಾರವಾಗಿದ್ದ ಕಂಬ ಒಮ್ಮೆಗೇ ಜಾರಿತು. ಆದರೂ ಸಭೆ ಕುಸಿಯಲಿಲ್ಲ. ಊರಿನ ಉಪದೇಶಕರೂ ಉಪಾಧ್ಯಾಯರೂ ಸಾಮಾನ್ಯ ಸಂಸಾರಿಗಳೂ ಅದನ್ನು ಹೊತ್ತುಕೊಂಡರು. 1947ರ ಸೆಪ್ಟೆಂಬರಿನಲ್ಲಿ ದಕ್ಷಿಣ ಭಾರತದ ಐಕ್ಯಸಭೆ ಸ್ಥಾಪಿತವಾದಾಗ ದಕ್ಷಿಣ ಕನ್ನಡದ ಈ ಸಭೆಗಳು ಅದರಲ್ಲಿ ಕೂಡಿಕೊಂಡುವು. ಹೊರಗಿನ ಹಣಕ್ಕಿಂತ ಒಳಗಿನ ಜನವೇ ಸಭೆಯ ನಿಜವಾದ ಆಸ್ತಿಯೆಂಬುದು ಆ ಸಂಕಟದಲ್ಲಿ ತಿಳಿದುಬಂದಿತು.

ಈ ಚರಿತ್ರೆಯಿಂದ ಇಂದಿನ ಸಣ್ಣ ಸಭೆಯೊಂದು ಕಲಿಯತಕ್ಕುದೇನು? ಐವತ್ತು ಮನೆಗಳಿರುವ ಸಭೆ ಕಾರ್ಖಾನೆಯನ್ನು ಕಟ್ಟಲಾರದು, ನಿಜ. ಆದರೆ ತನ್ನ ಬೀದಿಯನ್ನು ನೋಡಬಲ್ಲುದು. ಪ್ಲೆಬ್ಸ್ಟ್ ಕಾಲಕೆಳಗಿನ ಮಣ್ಣನ್ನು ನೋಡಿದಂತೆ, ಅದು ಕಾಲಕೆಳಗಿನ ಕಷ್ಟವನ್ನು ನೋಡಲಿ. ಬೀದಿಯಲ್ಲಿ ಶಾಲೆ ಬಿಟ್ಟ ಹುಡುಗರಿದ್ದರೆ ದೇವಾಲಯದ ಜಗುಲಿ ಸಂಜೆ ಪಾಠಶಾಲೆಯಾಗಬಹುದು. ಕುಡಿತದಿಂದ ಕೆಟ್ಟ ಸಂಸಾರವಿದ್ದರೆ, ಆ ಮನೆಯ ಹೆಂಗಸು ಅಂಜದೆ ಬಂದು ಕಷ್ಟ ಹೇಳಿಕೊಳ್ಳುವ ಹಿರಿಯಳೊಬ್ಬಳು ಸಭೆಯಲ್ಲಿರಬಹುದು. ಆಸ್ಪತ್ರೆಯಲ್ಲಿ ಒಂಟಿಯಾಗಿ ಮಲಗಿದ ಮುದುಕನಿಗೆ ಗಂಜಿ ಒಯ್ಯಲು ಯಾವ ಮಿಷನ್ನಿನ ಹಣವೂ ಬೇಕಾಗಿಲ್ಲ.

ಆದರೆ ಇದಕ್ಕೆಲ್ಲ ಎರಡು ನಿಯಮಗಳುಂಟು. ಒಂದು, ಸೇವೆಗೆ ಬೆಲೆ ಕಟ್ಟಬಾರದು. ಔಷಧಿಯನ್ನು ಕೊಟ್ಟು ಅದರ ಬದಲಿಗೆ ರೋಗಿಯ ಮತವನ್ನು ಕೇಳಿದರೆ ಅದು ಸೇವೆಯಲ್ಲ, ವ್ಯಾಪಾರ. ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದವನನ್ನು ಎತ್ತಿ ಉಪಚರಿಸಿದ ಸಮಾರ್ಯದವನ ಸಾಮತಿಯನ್ನು ತಾವು ಬಲ್ಲಿರಿ. ಅವನು ಗಾಯಕ್ಕೆ ಎಣ್ಣೆ ಹೊಯ್ದು, ಛತ್ರದ ಖರ್ಚನ್ನು ಕೊಟ್ಟು ಹೊರಟುಹೋದನು. ನೀನು ಯಾರ ಪೈಕಿಯೆಂದು ಕೇಳಲಿಲ್ಲ. ಎರಡು, ಊರನ್ನು ಮಾರ್ಪಡಿಸಹೊರಟ ಸಭೆ ಮೊದಲು ತಾನು ಮಾರ್ಪಡಬೇಕು. ದಕ್ಷಿಣ ದೇಶದ ಎಷ್ಟೋ ಸಭೆಗಳಲ್ಲಿ ಹಳೆಯ ಜಾತಿಯು ಬಾಗಿಲಲ್ಲಿ ನಿಲ್ಲದೆ ಒಳಕ್ಕೂ ಬಂದು ಬೇರೆ ಬೇರೆ ಸಾಲುಗಳಲ್ಲಿ ಕುಳಿತುದುಂಟು. ಸ್ಮಶಾನದಲ್ಲಿಯೂ ಗೋಡೆ ಎದ್ದುದುಂಟು. ಒಂದೇ ರೊಟ್ಟಿಯನ್ನು ಮುರಿದು ತಿನ್ನುವವರು ಒಬ್ಬರ ಮನೆಯಲ್ಲಿ ಒಬ್ಬರು ನೀರು ಕುಡಿಯದಿದ್ದರೆ, ಸಮಾನತೆಯನ್ನು ಕುರಿತು ಅವರು ಊರಿಗೆ ಹೇಳುವ ಮಾತಿಗೆ ತೂಕವೆಲ್ಲಿಯದು?

ಈ ಮಾತುಗಳನ್ನು ಕ್ರೈಸ್ತರ ಸಭೆಯನ್ನು ಕುರಿತು ಹೇಳಿದೆನಾದರೂ, ಇವು ಮಠಕ್ಕೂ ಮಸೀದಿಗೂ ಬಸದಿಗೂ ಸಲ್ಲುವುವೆಂದು ತಾವು ಆಗಲೇ ಗ್ರಹಿಸಿರಬಹುದು. ದೇವರ ಹೆಸರಿನಲ್ಲಿ ಕೂಡುವ ಯಾವ ಜನವನ್ನಾದರೂ ಊರು ಕೇಳುವ ಪ್ರಶ್ನೆ ಒಂದೇ: ನೀವು ಕೂಡಿದುದರಿಂದ ನಿಮ್ಮ ನೆರೆಯವನಿಗೆ ಏನಾಯಿತು? ಜೆಪ್ಪುವಿನ ಗೂಡಿನಲ್ಲಿ ಬೆಂದ ಹಂಚು ಯಾವ ಮತದವರ ಮಾಡಿನ ಮೇಲೆ ಕುಳಿತಿತೋ ಅವರೆಲ್ಲರನ್ನೂ ಮಳೆಯಿಂದ ಒಂದೇ ಸಮನಾಗಿ ಕಾಪಾಡಿತು. ಸಭೆಯ ಸೇವೆಯೂ ಹಾಗಿದ್ದರೆ ಊರು ಅದನ್ನು ತನ್ನದೆಂದೇ ತಿಳಿದೀತು.