ಮುದ್ದಣನ ಮರೆ

ಲೇಖಕನ ಕ್ಲೇಶಗಳಲ್ಲಿ ದಾರಿದ್ರ್ಯವೇ ಘೋರತರವೆಂದು ಲೋಕವು ಭಾವಿಸುವುದುಂಟು. ತಾನು ಬರೆದುದನ್ನು ತನ್ನದೆಂದು ಹೇಳಿಕೊಳ್ಳಲಾರದ ಸಂಕೋಚವು ಅದಕ್ಕಿಂತಲೂ ತೀಕ್ಷ್ಣವಾದುದೆಂದು ನನಗೆ ತೋರುತ್ತದೆ. 1870ರಲ್ಲಿ ಜನಿಸಿ, ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕನಾಗಿ ಅಲ್ಪವೇತನದಲ್ಲಿ ಸಂಸಾರವನ್ನು ಸಾಗಿಸುತ್ತಿದ್ದ ನಂದಳಿಕೆಯ ಲಕ್ಷ್ಮೀನಾರಣಪ್ಪನು, ಹಗಲೆಲ್ಲ ಹುಡುಗರಿಗೆ ಕವಾಯತು ಕಲಿಸಿ, ಉಳಿದ ವೇಳೆಯಲ್ಲಿ ಹಳಗನ್ನಡದ ಗದ್ಯವನ್ನು ಸಾಧಿಸಿ, ತಾನೇ ರಚಿಸಿದ ‘ಶ್ರೀರಾಮಾಶ್ವಮೇಧ’ವನ್ನು ಮುದ್ದಣನೆಂಬ ಯಾವನೋ ಪ್ರಾಚೀನ ಕವಿಯ ಕೃತಿಯೆಂಬಂತೆ ಮೈಸೂರಿನ ಪತ್ರಿಕೆಗೆ ಕಳುಹಿಸಿದನು. ಡ್ರಿಲ್ ಮೇಷ್ಟರ ಕಾವ್ಯವನ್ನು ಯಾರು ತಾನೆ ಓದುವರೆಂಬ ಅಳುಕಿದ್ದೀತು! ಕಾವ್ಯವು ಅಚ್ಚಾಯಿತು, ಕವಿಯು ಮಾತ್ರ ಮರೆಯಲ್ಲಿಯೇ ಉಳಿದು, ಕ್ಷಯರೋಗಕ್ಕೆ ತುತ್ತಾಗಿ, 1901ರಲ್ಲಿ ಮೂವತ್ತೊಂದರ ಪ್ರಾಯಕ್ಕೇ ತೀರಿಕೊಂಡನು. ಮುದ್ದಣನಾರೆಂಬುದು ನಾಡಿಗೆ ತಿಳಿದುದು ಆಮೇಲೆ.

ಹಾಗಾದರೆ ಅವನಿಗೆ ದೊರೆತ ಫಲವೇನು? ಆ ಕಾವ್ಯದಲ್ಲಿ ಕಥೆಯ ನಡುನಡುವೆ, ಕೇಳುವ ಹೆಂಡತಿ ಮನೋರಮೆಯು ಹೇಳುವ ಗಂಡ ಮುದ್ದಣನನ್ನು ತಡೆದು ಪ್ರಶ್ನಿಸುವ, ಛೇಡಿಸುವ, ಮುನಿಯುವ ಆ ಸಲ್ಲಾಪವನ್ನು ಓದಿದವರಿಗೆ, ಬರೆಯುತ್ತಿದ್ದಾಗಲೇ ಅವನು ಉಂಡ ಆನಂದವೆಷ್ಟೆಂಬುದು ಮರೆಯಾಗಲಾರದು. ಕೀರ್ತಿಯು ತಡವಾಗಿ ಬಂದಿತು, ಆನಂದವು ತಡಮಾಡಲಿಲ್ಲ.

ಕೇಳುಗರೇ, ನಿಮ್ಮೂರಿನ ಗ್ರಂಥಾಲಯದಲ್ಲಿ ಆ ಪುಸ್ತಕವಿದ್ದರೆ ಈ ವಾರವೇ ತಂದು, ಮನೆಮಂದಿಯೊಡನೆ ಗಟ್ಟಿಯಾಗಿ ಓದಿರಿ.